ಯಾವುದು ಮುಂದ ಬರ್ತದೋ ಅದು

ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದವರೆಲ್ಲ ಒಂದಲ್ಲ ಒಂದು ದಿನ ಚಹಾದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು. "ಕಾಕಾ, ಖರೇ ಹೇಳ್ರಿ. ನಿಮ್ಮ ಸ್ವಂತ ಕಾರ್ ಇದ್ರ ನೀವು ಈ ಸರ್ವಿಸ್ ಪ್ಲಾನ್ ತಗೋತಿದ್ರೇನು?"

"ನನ್ನ ಹತ್ರ ಸ್ಕೂಟರ್ ಅದ. ಸ್ಕೂಟರಿಗೆ ನಮ್ಮಲ್ಲಿ ಪ್ಲಾನ್ ಇಲ್ಲ," ಎಂದು ಹೇಳಿ ನಾನು ಕಪ್ಪು ತೊಳೆಯಲು ಎದ್ದುಬಿಡುತ್ತಿದ್ದೆ. ಅದು ಜಾರಿಕೊಳ್ಳುವ ಉತ್ತರ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಈಗ ನಿವೃತ್ತನಾಗಿದ್ದೇನೆ, ಯಾರ ಟಾರ್ಗೆಟ್ಟೂ ನನ್ನ ತಲೆಯ ಮೇಲಿಲ್ಲ, ಹಾಗಾಗಿ ಸರಿಯಾದ ಉತ್ತರ ಕೊಡುತ್ತೇನೆ. ಆದರೆ ಮಲ್ಲಮ್ಮನ ವ್ಯಾನಿನ ಕಥೆ ಹೇಳದೆ ಆ ಉತ್ತರ ಪೂರ್ತಿಯಾಗುವುದಿಲ್ಲ. ಸ್ವಲ್ಪ ಸುತ್ತು ಹಾದಿ, ಸಹಿಸಿಕೊಳ್ಳಿ.

ನಮ್ಮದು ಆಳಂದದ ಕಡೆಯ ಹಳ್ಳಿ. ಅಪ್ಪ ಪುಣೆಯ ಕಟ್ಟಡಗಳ ಕೆಲಸಕ್ಕೆ ಬಂದವನು ಇಲ್ಲೇ ಉಳಿದ. ನಾನು ಚಿಂಚವಾಡದ ಒಂದು ಗ್ಯಾರೇಜಿನಲ್ಲಿ ಪಾನಾ ಹಿಡಿದು ಶುರು ಮಾಡಿ, ಅದೇ ಊರಿನ ಒಂದು ದೊಡ್ಡ ಕಾರ್ ಡೀಲರ್ ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿ ಮುಗಿಸಿದೆ. ನಡುವೆ ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ನನ್ನ ಹೆಂಡತಿ ಕಸ್ತೂರಿಯೇ ನೆನಪಿಟ್ಟುಕೊಂಡಿಲ್ಲ. ನಿಮಗೆ ಅದರಿಂದ ಏನಾಗಬೇಕು, ಬಿಡಿ.

ಸರ್ವಿಸ್ ಅಡ್ವೈಸರ್ ಅಂದರೆ ಟೈ ಕಟ್ಟಿಕೊಂಡ ಮೆಕ್ಯಾನಿಕ್ ಎಂದು ಜನ ತಿಳಿದಿದ್ದಾರೆ. ಅಲ್ಲ. ಅವನು ದುಭಾಷಿ. ಗಿರಾಕಿ ಬಂದು "ಗಾಡಿ ಒಂಥರಾ ಮಾಡ್ತದ" ಅನ್ನುತ್ತಾನೆ. ಆ ಒಂಥರಾ ಯಾವ ಥರಾ ಎಂದು ಬಿಡಿಸಿ, ಒಳಗೆ ಗ್ರೀಸ್ ಮೆತ್ತಿಕೊಂಡು ಕೂತ ಮೆಕ್ಯಾನಿಕ್‌ಗೆ ಮುಟ್ಟಿಸುವುದು ನಮ್ಮ ಕೆಲಸ. ಇದಕ್ಕೆ ನಾಚಿಕೆ ಬಿಡಬೇಕು. ಕಟಕಟ, ಕಿರಕಿರ, ಗುಂಯ್, ಟಪ್ ಎಂದು ದೊಡ್ಡ ದೊಡ್ಡ ಮನುಷ್ಯರು ಕೌಂಟರಿನ ಮುಂದೆ ಬಾಯಲ್ಲಿ ಸದ್ದು ಮಾಡಿ ತೋರಿಸುತ್ತಾರೆ, ನಾವು ಅದನ್ನೇ ತಿರುಗಿ ಮಾಡಿ "ಹಿಂಗಾ ರೀ?" ಎಂದು ಕೇಳಬೇಕು. ಮೊದಲೆಲ್ಲ ಉದ್ದನೆಯ ಸ್ಕ್ರೂಡ್ರೈವರ್ ಇಂಜಿನ್ನಿಗೆ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟು ರೋಗ ಹಿಡಿಯುತ್ತಿದ್ದೆವು. ಆಮೇಲೆ ಲ್ಯಾಪ್‌ಟಾಪ್ ಬಂತು, ಒಂದು ವೈರ್ ಚುಚ್ಚಿದರೆ ಗಾಡಿ ತನ್ನ ರೋಗ ತಾನೇ ಹೇಳತೊಡಗಿತು. ಆದರೆ ಗಿರಾಕಿಗೆ ವೈರ್ ಚುಚ್ಚಲು ಬರುವುದಿಲ್ಲವಲ್ಲ. ಅವರ ಮಾತನ್ನು ಇಂದಿಗೂ ಕಿವಿಯಿಂದಲೇ ಕೇಳಬೇಕು.

ಸೇರಿದ ಹೊಸದರಲ್ಲಿ ಒಬ್ಬ ಗಿರಾಕಿ ಬಂದು, ಬಾನೆಟ್ಟಿನೊಳಗೆ ಇಲಿ ಕೂತು ಚೀಂವ್ ಅಂದ ಹಾಗಾಗುತ್ತದೆ ಎಂದ. ಬೆಲ್ಟ್ ಸಡಿಲಾದರೆ ಅಂಥದೇ ಸದ್ದು ಬರುವುದು. ನಾನು ಜಾಣತನ ತೋರಿಸಿ ಜಾಬ್ ಕಾರ್ಡಿನಲ್ಲಿ "ಬೆಲ್ಟ್ ಸದ್ದು" ಎಂದು ಬರೆದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ಬೆಲ್ಟಿಗೆ ಕೈ ಹಾಕಿದ, ಇಲಿ ಅವನ ತೋಳಿನ ಮೇಲೆ ಓಡಿ ಭುಜ ಹತ್ತಿ ಜಿಗಿದು ಹೋಯಿತು. ನಿಜವಾದ ಇಲಿ. ಇಡೀ ವರ್ಕ್‌ಶಾಪು ಅವತ್ತು ಕೆಲಸ ಬಿಟ್ಟು ನಕ್ಕಿತು.

ನಗದೆ ಇದ್ದವರು ನಮ್ಮ ಮ್ಯಾನೇಜರ್ ಜಗತಾಪ ಸಾಹೇಬರು ಒಬ್ಬರೇ. ಅವರು ಅಪ್ಪಟ ಪುಣೆಯ ಮನುಷ್ಯ. ದಿನಾ ಚಹಾದ ಹೊತ್ತಿಗೆ ಮರಾಠಿ ಪೇಪರಿನ ಪದಬಂಧ ಬಿಡಿಸುತ್ತಿದ್ದರು, ಆಗ ಯಾರಾದರೂ ಕ್ಯಾಬಿನ್ ಬಾಗಿಲು ತಳ್ಳಿದರೆ ಅವರ ಹಣೆಬರಹ ಅಷ್ಟೇ. ನನ್ನನ್ನು ಕರೆದು, "ತ್ಯಾನಂ ಉಂದೀರ ಸಾಂಗಿತಲಾ ನಾ? ಮಗ ಉಂದೀರ ಲಿಹಾಯಚಾ," ಎಂದರು. ಅವನು ಇಲಿ ಅಂದನಲ್ಲ, ಹಾಗಾದರೆ ಇಲಿ ಅಂತಲೇ ಬರೀಬೇಕು. ಗಿರಾಕಿ ಏನಂದನೋ ಅದು ಮೊದಲು, ನಿನಗೆ ಏನನ್ನಿಸಿತೋ ಅದು ಆಮೇಲೆ. ಅವರ ಕೈಕೆಳಗೆ ನಾನು ಕಲಿತ ಪಾಠಗಳಲ್ಲಿ ಇದೇ ದೊಡ್ಡದು. ಮುಂದೊಂದು ದಿನ ಇದೇ ಪಾಠವನ್ನು ಅವರಿಗೇ ನೆನಪಿಸುವ ಪ್ರಸಂಗ ಬಂತು.

ಇನ್ನು ಪ್ಲಾನಿನ ಮಾತು. ಮೊದಲು ಇದೆಲ್ಲ ಇರಲಿಲ್ಲ, ಸರ್ವಿಸ್ ಮಾಡಿಸಿದಾಗ ಬಿಲ್ಲು ಕೊಟ್ಟು ಹೋಗುತ್ತಿದ್ದರು. ಆಮೇಲೆ ಕಂಪನಿಯವರು ಹೊಸ ಪದ್ಧತಿ ತಂದರು. ಮುಂದಿನ ಕೆಲವು ವರ್ಷಗಳ ಸರ್ವಿಸ್ ಹಣ ಇವತ್ತೇ ಕಟ್ಟಿ, ಆಮೇಲೆ ಆಯಿಲ್, ಫಿಲ್ಟರ್, ಕೂಲಿ ಎಷ್ಟೇ ತುಟ್ಟಿಯಾದರೂ ನಿಮಗೆ ಅದೇ ದರ. ಕೇಳಲು ಚೆನ್ನಾಗಿತ್ತು, ಮಾರುವುದು ಸುಲಭವೂ ಆಗಿತ್ತು. ಆದರೆ ಯಾರಿಗೆ ಮಾರಬೇಕು, ಯಾರಿಗೆ ಮಾರಬಾರದು ಎಂದು ನಮಗೆ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟವರು ಒಬ್ಬ ಗಿರಾಕಿ, ಹೋಟೆಲಿನ ಶೆಟ್ಟರು.

ಶೆಟ್ಟರು ಉಡುಪಿ ಕಡೆಯವರು. ಬಿಬವೇವಾಡಿಯಲ್ಲಿ ನಮ್ಮ ಮನೆಯ ಹತ್ತಿರವೇ ಅವರ ಹೋಟೆಲು. ಅಲ್ಲಿ ತಿಂಗಳ ಊಟದ ಕೂಪನ್ ಮಾರುತ್ತಾರೆ. ಪ್ಲಾನಿನ ಗುಣಗಾನವನ್ನು ನಾನು ಬಾಯಿಪಾಠ ಒಪ್ಪಿಸುವಂತೆ ಒಪ್ಪಿಸಿದಾಗ ಅವರು ಪೂರ್ತಿ ಕೇಳಿ, ಕಣ್ಣು ಕಿರಿದು ಮಾಡಿ ನಕ್ಕರು.

"ಬಸವರಾಜಣ್ಣ, ಇದು ನಮ್ಮ ಕೂಪನ್ ಲೆಕ್ಕವೇ ಮಾರಾಯ್ರೆ. ಕೂಪನ್ ತಗೊಂಡವ ದಿನಾ ಬಂದು ಉಂಡ್ರೆ ಅವನಿಗೆ ಲಾಭ. ಊರಿಗೆ ಹೋದ, ಮದುವೆಗೆ ಹೋದ, ಹೊಟ್ಟೆ ಸರಿ ಇಲ್ಲ ಅಂದ, ಆಗ ನನಗೆ ಲಾಭ. ಮತ್ತೆ ಸ್ಪೆಷಲ್ ಐಟಂ ಕೂಪನ್‌ನಲ್ಲಿ ಬರೂದಿಲ್ಲ. ನಿಮ್ಮದರಲ್ಲಿ ಎಂತ ಬರೂದಿಲ್ಲ, ಅದು ಹೇಳಿ ನೋಡುವ."

ಬ್ರೇಕ್ ಪ್ಯಾಡು, ಕ್ಲಚ್ಚು, ಟೈರು, ವೈಪರು, ಬ್ಯಾಟರಿ, ಉಜ್ಜಿ ಸವೆಯುವುದು ಯಾವುದೂ ಬರುವುದಿಲ್ಲ ಎಂದೆ. "ಹಾಂ, ಅದು ಸ್ಪೆಷಲ್," ಎಂದು ತಲೆಯಾಡಿಸಿದರು. ಪ್ಲಾನು ತೆಗೆದುಕೊಂಡರು, ಯಾಕೆಂದರೆ ಅವರ ಕಾರು ದಿನಾ ಓಡುತ್ತದೆ, ಅವರು ಪುಣೆ ಬಿಟ್ಟು ಹೋಗುವವರಲ್ಲ. ಅವತ್ತಿನಿಂದ ನನಗೆ ಅವರ ಕೂಪನ್ನೇ ಅಳತೆ. ಗಿರಾಕಿ ಎದುರು ಕೂತರೆ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ, ಇವರು ದಿನಾ ಉಣ್ಣಲು ಬರುವವರೋ, ಊಟ ತಪ್ಪಿಸುವವರೋ? ಬದಲಿಯಾಗುವ ನೌಕರಿಯವರಿಗೆ, ಎರಡು ವರ್ಷಕ್ಕೆ ಗಾಡಿ ಮಾರುವ ಚಟ ಇರುವವರಿಗೆ, "ಸ್ವಲ್ಪ ವಿಚಾರ ಮಾಡ್ರಿ" ಎಂದು ಮೆಲ್ಲಗೆ ಹೇಳುತ್ತಿದ್ದೆ. ಟಾರ್ಗೆಟ್ಟು ತಪ್ಪುತ್ತಿತ್ತು. ಬೈಗುಳ ತಿನ್ನುತ್ತಿದ್ದೆ, ಆದರೆ ಅದೇ ಗಿರಾಕಿಗಳು ಹತ್ತು ವರ್ಷ ನನ್ನನ್ನೇ ಹುಡುಕಿಕೊಂಡು ಬಂದರು.

ಮಲ್ಲಮ್ಮ ಬಂದದ್ದು ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ. ಶಹಾಪುರ ಕಡೆಯ ಹೆಣ್ಣುಮಗಳು. ಮದುವೆಯಾಗಿ ಪುಣೆಗೆ ಬಂದು ಕಟ್ಟಡಗಳಲ್ಲಿ ಇಟ್ಟಿಗೆ ಹೊತ್ತವಳು, ಆಮೇಲೆ ಪಿಂಪ್ರಿಯ ತನ್ನ ಕಾಲೊನಿಯಲ್ಲೇ ರೊಟ್ಟಿ ಬಡಿದು ಮಾರಲು ಶುರು ಮಾಡಿದಳು. ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ನಮ್ಮ ಕಡೆಯ ಕೂಲಿಯವರು ಭಾಳ ಮಂದಿ ಇದ್ದಾರೆ. ಅವರಿಗೆ ಕ್ಯಾಂಟೀನಿನ ಅನ್ನ ಚಪಾತಿ ಹೊಟ್ಟೆಗೆ ಹತ್ತುತ್ತಿರಲಿಲ್ಲ. ಅಲ್ಲಿನ ಗುತ್ತೇದಾರ ಮಲ್ಲಮ್ಮನಿಗೆ ಮಧ್ಯಾಹ್ನದ ಊಟ ಒಪ್ಪಿಸಿದ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಇದಕ್ಕಾಗಿಯೇ ಅವಳು ಸಾಲ ಮಾಡಿ ಚಿಕ್ಕ ವ್ಯಾನು ಕೊಂಡಳು, ಓಡಿಸಲು ತಾನೇ ಕಲಿತಳು. ದಿನಾ ಪಿಂಪ್ರಿಯಿಂದ ರಾಂಜಣಗಾಂವಕ್ಕೆ ಹೋಗಿ ಬರುವುದು, ನೂರು ಕಿಲೋಮೀಟರಿನಷ್ಟು ಹಾದಿ. ಕಾಲೊನಿಯ ನಾಲ್ಕಾರು ಹೆಂಗಸರು ಅವಳ ಜೊತೆ ರೊಟ್ಟಿ ಬಡಿಯುತ್ತಿದ್ದರು. ವ್ಯಾನು ನಿಂತರೆ ಅವರೆಲ್ಲರ ಒಲೆಯೂ ಆರುವಂತಿತ್ತು.

ಪ್ಲಾನಿನ ಟೇಬಲ್ಲು ನನ್ನ ಪಕ್ಕದ್ದೇ. ಅಲ್ಲಿ ಕೂರುತ್ತಿದ್ದವಳು ವಿಜಯಪುರದ ರೇಣುಕಾ. ಮರಾಠಿ ಮಾತಾಡಿದರೆ ಪುಣೆಯವಳೇ ಅನ್ನಬೇಕು, ಅಷ್ಟು ಚೊಕ್ಕ. ಮಲ್ಲಮ್ಮ ಟೇಬಲ್ಲಿನ ಮುಂದೆ ಕೂತು ಹರಕು ಮುರುಕು ಮರಾಠಿಯಲ್ಲಿ ಶುರು ಮಾಡಿದಳು. ರೇಣುಕಾ ಅವಳ ರಾಗ ಕೇಳಿದ್ದೇ, "ಅಕ್ಕಾರ, ನೀವು ನಮ್ಮ ಕಡೆಯವ್ರೇನ್ರಿ?" ಎಂದಳು. ಮಲ್ಲಮ್ಮನ ಮುಖ ಅರಳಿತು. "ಅಯ್ಯ, ಕನ್ನಡದಾಗ ಮಾತಾಡವ್ವ. ದಿನಾ ಪೂರ್ತಿ ಮರಾಠಿ ಮಾತಾಡಿ ನಾಲಗಿ ದಣದದ."

ಆಮೇಲೆ ಅವರಿಬ್ಬರ ಮಾತು ಮುಗಿಯುವ ಹಾಗೆಯೇ ಕಾಣಲಿಲ್ಲ. ರೇಣುಕಾ ಪ್ಲಾನು ವಿವರಿಸಿದಳು. ಮಲ್ಲಮ್ಮ ಅಷ್ಟು ಓಡಿಸುವವಳು, ಅವಳಿಗೆ ಪ್ಲಾನು ಖಂಡಿತ ಲಾಭ. ನಾನೂ ಅದನ್ನೇ ಹೇಳಿದೆ. ಕೊನೆಗೆ ರೇಣುಕಾ ಅತಿ ಮುಖ್ಯವಾದ ಮಾತು ಹೇಳಿದಳು: "ಹತ್ತು ಸಾವಿರ ಕಿಲೋಮೀಟರ್, ಇಲ್ಲಾಂದ್ರ ಒಂದು ವರ್ಷ. ಯಾವುದು ಮುಂದ ಬರ್ತದೋ ಅದಕ್ಕ ಗಾಡಿ ತರಬೇಕ್ರಿ." ಪಕ್ಕದಲ್ಲಿದ್ದ ನನ್ನ ಕಿವಿಗೂ ಅದು ಬಿತ್ತು. ಚೆನ್ನಾಗಿ ಹೇಳಿದಳು ಅಂದುಕೊಂಡೆ. ಮಲ್ಲಮ್ಮ "ಹೌದ್ರಿ, ತಿಳೀತ್ರಿ," ಎಂದು ಸಹಿ ಹಾಕಿದಳು.

ಮೊದಲ ಚೆಕಪ್ಪಿಗೆ ಬಂದು ಹೋದವಳು ಆಮೇಲೆ ಬರಲೇ ಇಲ್ಲ. ಸರ್ವಿಸ್ ಬಾಕಿ ಇದೆ ಎಂದು ಆಫೀಸಿನಿಂದ ಹಿಂದಿಯಲ್ಲಿ ಫೋನ್ ಮಾಡಿದರೆ, "ಅಭೀ ಟೈಮ್ ಹೈ," ಎಂದು ಇಟ್ಟುಬಿಡುತ್ತಿದ್ದಳಂತೆ. ಒಂದು ಮಧ್ಯಾಹ್ನ ರಾಂಜಣಗಾಂವದಿಂದ ಖಾಲಿ ಡಬ್ಬಿಗಳ ಜೊತೆ ವಾಪಸ್ ಬರುವಾಗ ವ್ಯಾನಿನಲ್ಲಿ ಕೆಂಪು ದೀಪ ಹತ್ತಿತು. ಇಂಜಿನ್ ಕಟಕಟ ಅನ್ನುತ್ತಿದ್ದರೂ ಹೇಗೋ ನಮ್ಮ ಗೇಟಿನವರೆಗೆ ತಂದಳು. ನಾನು ಮೀಟರ್ ನೋಡಿದೆ. ಆಯಿಲ್ ಬದಲಾಯಿಸಬೇಕಾದ ಹತ್ತು ಸಾವಿರ ಎಂದೋ ದಾಟಿ, ಎರಡನೆಯ ಹತ್ತು ಸಾವಿರವೂ ಮುಗಿಯುತ್ತ ಬಂದಿತ್ತು. ಕೆಳಗಿನ ನಟ್ಟು ಬಿಚ್ಚಿದರೆ ಆಯಿಲ್ಲು ಬೆಲ್ಲದ ಪಾಕದಂತೆ ಎಳೆಯಾಗಿ ಇಳಿಯಿತು.

"ಮಲ್ಲಮ್ಮಾರ, ಸರ್ವಿಸಿಗೆ ಯಾಕ ತರ್ಲಿಲ್ರಿ?"

"ಇನ್ನಾ ವರ್ಷ ಆಗಿಲ್ಲಲ್ರಿ ಅಣ್ಣಾರ. ಕಿಲೋಮೀಟರ್ ಮೊದ್ಲ ಬಂತು. ವರ್ಷ ಮುಂದ ಬರ್ತದ. ಮುಂದ ಬರೂದಕ್ಕ ತರ್ರಿ ಅಂದ್ರಲ್ಲ, ಅದಕ ಕಾಯ್ಲಿಕ್ಕತ್ತಿದ್ದೆ. ದೀಪ ಹತ್ತ್ಯದ ಅಂತ ಈಗಾ ಬಂದೀನಿ."

ರೇಣುಕಾ ಪಕ್ಕದಲ್ಲೇ ನಿಂತಿದ್ದಳು, ಅವಳ ಮುಖ ಬೆಳ್ಳಗಾಯಿತು. ಅವಳ ಮನಸ್ಸಿನಲ್ಲಿದ್ದದ್ದು ಓಟ. ಕಿಲೋಮೀಟರೂ ವರ್ಷವೂ ಓಡುತ್ತಿವೆ, ಯಾವುದು ಮುಂದೆ ಬರುತ್ತದೋ ಅದು ಗೆದ್ದಿತು. ಮಲ್ಲಮ್ಮನ ಮನಸ್ಸಿನಲ್ಲಿದ್ದದ್ದು ಪಂಚಾಂಗ. ಇದು ಈ ವಾರ, ಅದು ಮುಂದಿನ ವಾರ; ಇದು ಈಗ, ಅದು ಮುಂದೆ ನೋಡೋಣ. ಒಂದೇ ಮಾತು, ಇಬ್ಬರೂ ನಮ್ಮ ಕಡೆಯವರೇ, ಇಬ್ಬರದೂ ಸರಿ. ಮರಾಠಿಯಲ್ಲೇ ಮಾತಾಡಿದ್ದರೆ "ಜೆ ಆಧಿ ಹೋಈಲ ತೆ" ಅಂದರೆ ಯಾವುದು ಮೊದಲು ಆಗುತ್ತದೋ ಅದು ಎಂದು ಕೆಲಸ ಮುಗಿಯುತ್ತಿತ್ತು. ಪರ ಊರಿನಲ್ಲಿ ತಮ್ಮ ಭಾಷೆ ಸಿಕ್ಕ ಖುಷಿಗೆ ಎಡವಟ್ಟಾಯಿತು.

ಇಂಜಿನ್ ಬಿಚ್ಚಿದೆವು. ಪುಣ್ಯಕ್ಕೆ ಪೂರ್ತಿ ಹೋಗಿರಲಿಲ್ಲ, ಆದರೆ ಆಯಿಲ್ ಪಂಪು ಮತ್ತು ಒಂದಿಷ್ಟು ಬೇರಿಂಗ್ ಹಾಳಾಗಿದ್ದವು. ವಾರಂಟಿಯಲ್ಲಿ ಆದರೆ ಚಿಂತೆಯಿಲ್ಲ. ಆದರೆ ಹೊತ್ತಿಗೆ ಸರ್ವಿಸ್ ಮಾಡಿಸದವರಿಗೆ ವಾರಂಟಿ ಇಲ್ಲ, ಅದು ನಿಯಮ. ಕೈಯಿಂದ ಹಾಕಿ ಮಾಡಿಸುವ ಶಕ್ತಿ ಮಲ್ಲಮ್ಮನಿಗೆ ಇರಲಿಲ್ಲ. ಒಂದೆರಡು ದಿನ ಊಟ ತಪ್ಪಿದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಗುತ್ತೇದಾರ ಮೊದಲೇ ಹೇಳಿದ್ದ. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನಾಳಿನ ಹಿಟ್ಟು ತಂದಿಟ್ಟೀನ್ರಿ," ಎಂದಳು. ನನಗೆ ಬಹಳ ಸಂಕಟವಾಯಿತು.

ಜಗತಾಪ ಸಾಹೇಬರು ಮೊದಲು ಒಪ್ಪಲಿಲ್ಲ. ಕಾಗದದಲ್ಲಿ ಇಂಗ್ಲಿಷು ಮರಾಠಿ ಎರಡರಲ್ಲೂ ಸ್ಪಷ್ಟ ಇದೆ, ಸಹಿ ಇದೆ, ಮುಗಿಯಿತು. "ಮೊದಲು ಅಂದರೆ ಆಮೇಲೆ ಅಂತ ಯಾವ ಭಾಷೆಯಲ್ಲಿ ಆಗುತ್ತದೆ ಬಸವರಾಜ?" ಎಂದು ಮರಾಠಿಯಲ್ಲಿ ಗದರಿದರು. ಆಗ ನಾನು, "ಸಾಹೇಬ, ಗಿರಾಕಿ ಇಲಿ ಅಂದರೆ ಇಲಿ ಅಂತಲೇ ಬರೀ ಅಂತ ಹೇಳಿದವರು ನೀವು. ಇವತ್ತು ಗಿರಾಕಿಗೆ ಏನು ಕೇಳಿಸಿತು ಅನ್ನುವುದನ್ನೂ ಬರೆಯಬೇಕಲ್ಲ," ಎಂದೆ. ಅವರು ಪೆನ್ನು ಕೆಳಗಿಟ್ಟು, "ಚಲ, ಕನ್ನಡ ಬರುವವರನ್ನು ಕೇಳೋಣ," ಎಂದು ಎದ್ದು ಹೊರಗೆ ಬಂದರು.

ಮೊದಲು ಸಿಕ್ಕವನು ಗಾಡಿ ತೊಳೆಯುವ ಯಾದಗಿರಿಯ ಹಣಮಂತ. ನಾನು ಆ ವಾಕ್ಯ ಹೇಳಿ, ಗಾಡಿ ಯಾವಾಗ ತರ್ತಿ ಎಂದು ಕೇಳಿದೆ. ಅವನು ಪೈಪು ಬಂದ್ ಮಾಡಿ, "ಮುಂದ ಅಂದ್ರ ಆಮ್ಯಾಲರಿ. ಹಿಂದಿನ ಗುತ್ತೇದಾರ ಪಗಾರ ಮುಂದ ಕೊಡ್ತೀನಿ ಅಂತಿದ್ದ. ಅದೇನು ಮೊದ್ಲ ಬಂತೇನ್ರಿ? ಇನ್ನಾ ಬಂದಿಲ್ಲ," ಎಂದ.

ಗಿರಾಕಿಗಳು ಕಾಯುವ ಹಾಲಿನಲ್ಲಿ ಅವತ್ತು ಶೆಟ್ಟರು ಕೂತಿದ್ದರು, ತಮ್ಮ ಕಾರಿನ ಸರ್ವಿಸಿಗೆ ಬಂದವರು. ಅವರನ್ನು ಕೇಳಿದರೆ, "ಮುಂದೆ ಬಂದದ್ದು ಅಂದ್ರೆ ಮೊದಲು ಬಂದದ್ದೇ ಮಾರಾಯ್ರೆ. ಕಂಬಳದಲ್ಲಿ ಯಾವ ಕೋಣ ಮುಂದೆ ಬಂತು ಅಂತ ಕೇಳಿದ್ರೆ ಸೋತದ್ದನ್ನು ತೋರಿಸ್ತಾರಾ?" ಎಂದರು. ಹಣಮಂತ ಬಾಗಿಲಲ್ಲೇ ನಿಂತು, "ಹಂಗಲ್ರಿ ಶೆಟ್ಟರ," ಎಂದು ವಾದಕ್ಕೆ ಇಳಿದ.

ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಬೆಂಗಳೂರಿನ ಒಬ್ಬ ಹೆಣ್ಣುಮಗಳು ಕಿವಿಯಿಂದ ಹೆಡ್‌ಫೋನ್ ತೆಗೆದಳು. "ಅಂಕಲ್, ಸಾರಿ, ಮಧ್ಯ ಬರ್ತಿದೀನಿ. ಮುಂಚೆ ಅಂದ್ರೆ ಬಿಫೋರ್, ಮುಂದೆ ಅಂದ್ರೆ ನೆಕ್ಸ್ಟ್. ತುಂಬಾ ಸಿಂಪಲ್." ಸ್ವಲ್ಪ ತಡೆದು, "ಆದ್ರೆ ಕ್ಯೂನಲ್ಲಿ ನನಗಿಂತ ಮುಂದೆ ಇರೋರು ಅಂದ್ರೆ ಫಸ್ಟ್ ಹೋಗೋರು ಅಲ್ವಾ? ಒಂದ್ನಿಮಿಷ ಇರಿ," ಎಂದು ತನ್ನ ಮಾತಿಗೆ ತಾನೇ ಸಿಕ್ಕಿಹಾಕಿಕೊಂಡಳು.

ಈ ಗದ್ದಲದ ನಡುವೆ ಸಾಹೇಬರು ಪದಬಂಧದ ಮುಂದೆ ಕೂತಾಗಿನ ಮುಖ ಮಾಡಿಕೊಂಡು ನಿಂತಿದ್ದರು. ನಾನು ಒಬ್ಬೊಬ್ಬರ ಮಾತನ್ನೂ ಮರಾಠಿಗೆ ತಿರುಗಿಸಿ ಹೇಳುತ್ತಿದ್ದೆ. ಅವರ ತುಟಿ ಮೆಲ್ಲಗೆ ಅಲ್ಲಾಡಿತು. "ಪುಢೇ ಯಾ," ಎಂದರು. ಮುಂದೆ ಬನ್ನಿ. "ಪುಢೇ ಬಘೂ," ಎಂದರು. ಮುಂದೆ ನೋಡೋಣ. ಎರಡನ್ನೂ ಇನ್ನೊಮ್ಮೆ ಹೇಳಿಕೊಂಡರು. ಆಮೇಲೆ, "ಚಾಯ್ಲಾ, ಆಪಲಂ ಪಣ ತಸಂಚ ಆಹೇ," ಎಂದು ಹಣೆ ಮುಟ್ಟಿಕೊಂಡು ನಕ್ಕರು. ನಮ್ಮದೂ ಹಾಗೇ ಇದೆಯಲ್ಲ, ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವತ್ತು ಸಂಜೆಯೇ ಅವರು ಕಂಪನಿಗೆ ಬರೆದರು. ಗಿರಾಕಿಗೆ ನಮ್ಮ ಕಡೆಯಿಂದ ಹೇಳಿದ ಮಾತಿಗೆ ಎರಡು ಅರ್ಥವಿತ್ತು, ಆಕೆ ತನಗೆ ತಿಳಿದ ಅರ್ಥದಂತೆ ಪ್ರಾಮಾಣಿಕವಾಗಿ ನಡೆದುಕೊಂಡಿದ್ದಾಳೆ, ಆದ್ದರಿಂದ ವಾರಂಟಿ ಕೊಡಬೇಕು ಎಂದು. ರೇಣುಕಾಳ ಹೆಸರನ್ನು ಎಲ್ಲಿಯೂ ಹಾಕಲಿಲ್ಲ. ಕಂಪನಿಯ ಇಂಜಿನಿಯರು ಬಂದು ಇಂಜಿನ್ ನೋಡಿದ, ನಮ್ಮನ್ನೆಲ್ಲ ಮಾತಾಡಿಸಿದ. ಒಪ್ಪಿಗೆ ಬರುವವರೆಗೆ ರೇಣುಕಾಳಿಗೂ ನನಗೂ ಸರಿಯಾಗಿ ಊಟ ಸೇರಲಿಲ್ಲ. ಬಂತು.

ಆ ನಡುವಿನ ದಿನಗಳಲ್ಲಿ ರಾಂಜಣಗಾಂವದ ಊಟವೂ ತಪ್ಪಲಿಲ್ಲ. ಹಾಲಿನಲ್ಲಿ ಅಷ್ಟೆಲ್ಲ ವಾದ ಮಾಡಿದ ಶೆಟ್ಟರು, ಅದು ಯಾರ ಗಾಡಿಯ ವಿಷಯ ಎಂದು ಗೊತ್ತಾದ ಮೇಲೆ ಮಲ್ಲಮ್ಮನ ಹತ್ತಿರ ಹೋಗಿ, "ನಮ್ಮ ತರಕಾರಿ ವ್ಯಾನ್ ಬೆಳಿಗ್ಗೆ ಮಾರ್ಕೆಟಿಗೆ ಹೋಗಿ ಬಂದ ಮೇಲೆ ಖಾಲಿಯೇ ಉಂಟು. ನೀವು ತಗೊಂಡು ಹೋಗಿ," ಎಂದರು. ಬಾಡಿಗೆ ಎಷ್ಟು ಎಂದು ಅವಳು ಕೇಳಿದಳು. "ನಾನೂ ಊಟದವನೇ ಅಲ್ವಾ. ಊಟ ತಪ್ಪಬಾರದು," ಎಂದು ಹೇಳಿ ಮಾತು ಮುಗಿಸಿದರು. ಕೂಪನ್ನಿನಲ್ಲಿ ಊಟ ತಪ್ಪಿಸಿದವರಿಂದಲೇ ನನಗೆ ಲಾಭ ಎಂದಿದ್ದವರೂ ಇವರೇ.

ವ್ಯಾನು ರಿಪೇರಿಯಾಗಿ ಒಯ್ಯಲು ಬಂದ ದಿನ ರೇಣುಕಾ ಮಲ್ಲಮ್ಮನನ್ನು ಮತ್ತೆ ಟೇಬಲ್ಲಿನ ಮುಂದೆ ಕೂರಿಸಿಕೊಂಡಳು. "ಅಕ್ಕಾರ, ಈ ಸಲ ನಾನು ಹೇಳಂಗಿಲ್ಲ. ನೀವಾ ಹೇಳ್ರಿ, ಗಾಡಿ ಯಾವಾಗ ತರ್ತೀರಿ?"

ಮಲ್ಲಮ್ಮ ಒಂದು ಗಳಿಗೆ ವಿಚಾರ ಮಾಡಿದಳು. "ನೋಡವ್ವ, ಇಬ್ಬರು ಊಟಕ್ಕ ಬರ್ತೀನಿ ಅಂದಾರ. ಒಬ್ಬಾಕಿ ಕಿಲೋಮೀಟರ್, ಒಬ್ಬಾಂವ ವರ್ಷ. ಯಾರು ಮೊದ್ಲ ಬಾಗಲಾ ಬಡೀತಾರೋ ಅವ್ರಿಗಿ ನೀಡಬೇಕು. ಇನ್ನೊಬ್ಬರ ಹಾದಿ ಕಾಯಬಾರ್ದು. ಹೌದಿಲ್ಲೋ?"

ರೇಣುಕಾ ಎದ್ದು ಅವಳ ಕೈ ಹಿಡಿದುಕೊಂಡಳು. ಅವತ್ತಿನಿಂದ ನಮ್ಮ ಟೇಬಲ್ಲಿನಲ್ಲಿ ಪದ್ಧತಿ ಬದಲಾಯಿತು. ನಾವು ಹೇಳಿ "ತಿಳೀತಾ?" ಎಂದು ಕೇಳುವುದನ್ನು ಬಿಟ್ಟೆವು. ಆ ಪ್ರಶ್ನೆಗೆ ಎಲ್ಲರೂ ಹೌದು ಅನ್ನುತ್ತಾರೆ, ಮರ್ಯಾದಸ್ಥರಂತೂ ಎರಡು ಸಲ ಅನ್ನುತ್ತಾರೆ. ಅದರ ಬದಲು ಗಿರಾಕಿಯೇ ತಿರುಗಿ ಹೇಳಬೇಕು, ನಾವು ಕೇಳಬೇಕು. ಹೊತ್ತು ಹೆಚ್ಚು ಹಿಡಿಯುತ್ತಿತ್ತು, ಸಾಹೇಬರು ಅದಕ್ಕೆ ಒಂದು ಮಾತೂ ಆಡಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನಿಂದ ಒಂದೇ ಒಂದು ಸಂಗತಿ ಕಲಿಯುವುದಾದರೆ ಇದನ್ನು ಕಲಿಯಿರಿ.

ಹೀಗೆಂದರೆ ಮಲ್ಲಮ್ಮ ಯಾವಾಗಲೂ ನಗುನಗುತ್ತ ಬಂದು ಹೋಗುತ್ತಿದ್ದಳು ಎಂದು ತಿಳಿಯಬೇಡಿ. ಬ್ರೇಕ್ ಪ್ಯಾಡು ಸವೆದು ಬೇರೆ ಬಿಲ್ಲು ಬಂದಾಗ ಕೌಂಟರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಊಟ ಅಂದ್ರಿ, ರೊಕ್ಕ ತಗೊಂಡ್ರಿ. ಈಗ ಪಲ್ಯಕ್ಕ ಬ್ಯಾರೆ ಅಂತೀರಿ. ನಾ ಹಂಗ ಮಾಡಿದ್ರ ರಾಂಜಣಗಾಂವದಾಗ ನನ್ನ ಬಿಡ್ತಾರೇನ್ರಿ?" ಕಾಗದದಲ್ಲಿ ಇದೆ ಎಂದು ಹೇಳಬಹುದಿತ್ತು, ಹೇಳಲು ಬಾಯಿ ಬರಲಿಲ್ಲ. ಅವತ್ತಿನಿಂದ ಯಾವುದು ಬರುತ್ತದೆ ಎನ್ನುವುದಕ್ಕಿಂತ ಮೊದಲು ಯಾವುದು ಬರುವುದಿಲ್ಲ ಎಂದು ಹೇಳತೊಡಗಿದೆ. ಪ್ಲಾನು ಮಾರಾಟ ಕಡಿಮೆಯಾದೀತು ಎಂದು ಎಲ್ಲರೂ ಹೆದರಿದ್ದರು, ಅಂಥದೇನೂ ಆಗಲಿಲ್ಲ.

ನಾನು ನಿವೃತ್ತನಾದೆ. ಕಸ್ತೂರಿಗೆ ಸ್ಕೂಟರಿನ ಹಿಂದೆ ಕೂತು ಸಾಕಾಗಿತ್ತು, ಈ ವರ್ಷ ಒಂದು ಚಿಕ್ಕ ಕಾರು 'ಬುಕ್' ಮಾಡಿದೆವು. ನಮ್ಮ ಹಳೇ ವರ್ಕ್‌ಶಾಪಿನಲ್ಲಿ ಅಲ್ಲ, ಅದೇ ಕಂಪನಿಯ ಬೇರೆ ಶೋರೂಮಿನಲ್ಲಿ, ಬಿಬವೇವಾಡಿಗೆ ಹತ್ತಿರ ಎಂದು. ಅಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ಒಬ್ಬ ಮರಾಠಿ ಹುಡುಗಿ ನಮ್ಮನ್ನು ಕೂರಿಸಿ ಸರ್ವಿಸ್ ಪ್ಲಾನು ವಿವರಿಸಿದಳು. ನಾನು ಏನೂ ಅರಿಯದ ಮುದುಕನ ಹಾಗೆ ಕೇಳುತ್ತ ಕೂತೆ. ಕಸ್ತೂರಿ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು. ಕಿಲೋಮೀಟರು, ವರ್ಷ, ಎಲ್ಲ ಹೇಳಿದ ಮೇಲೆ ಆ ಹುಡುಗಿ ಮುಂದಕ್ಕೆ ಬಾಗಿ ಹೇಳಿದಳು: "ಕಾಕಾ, ಸೋಪ್ಪಂ ಆಹೇ. ಜೋ ಆಧಿ ದಾರ ವಾಜವೇಲ, ತ್ಯಾಲಾ ವಾಢಾಯಚಂ. ದುಸರ್‍ಯಾಚೀ ವಾಟ ಬಘಾಯಚೀ ನಾಹೀ."

ಯಾರು ಮೊದಲು ಬಾಗಿಲು ಬಡಿಯುತ್ತಾರೋ ಅವರಿಗೆ ನೀಡಬೇಕು, ಇನ್ನೊಬ್ಬರ ಹಾದಿ ಕಾಯಬಾರದು. ಮಲ್ಲಮ್ಮನ ಮಾತು, ಚೊಕ್ಕ ಮರಾಠಿಯಲ್ಲಿ. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಟ್ರೇನಿಂಗಿನಲ್ಲಿ ಎಲ್ಲರಿಗೂ ಹೀಗೆಯೇ ಹೇಳಿಕೊಡುತ್ತಾರೆ ಎಂದಳು. ಮೊದಲು ಯಾರು ಹೇಳಿದರೋ ಅವಳಿಗೆ ಗೊತ್ತಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿದೆ. ಆಮೇಲೆ ತಡೆಯಲಾಗದೆ ಅಲ್ಲಿಂದಲೇ ಮಲ್ಲಮ್ಮನಿಗೆ ಫೋನ್ ಹಚ್ಚಿದೆ. ಈಗ ಅವಳಿಗೆ ಎರಡು ವ್ಯಾನು, ಎರಡನೆಯದನ್ನು ಓಡಿಸುವುದು ರೊಟ್ಟಿ ಬಡಿಯುತ್ತಿದ್ದ ಹೆಂಗಸರಲ್ಲೇ ಒಬ್ಬಳು.

ಎಲ್ಲ ಕೇಳಿ ಅವಳು ಮೊದಲು ನಂಬಲಿಲ್ಲ. "ನನ್ನ ಮಾತು ಟ್ರೇನಿಂಗದಾಗ? ಮರಾಠಿ ಒಳಗ?" ಎಂದು ನಕ್ಕಳು. ಆಮೇಲೆ, "ನೀವು ಪ್ಲಾನ್ ತಗೊಳ್ಳಾಕತ್ತೀರೇನ್ರಿ? ತಗೋಬ್ಯಾಡ್ರಿ ಅಣ್ಣಾರ. ನಿಮ್ಮ ಗಾಡಿ ಎಲ್ಲಿ ಹೋಗ್ತದ? ಭಾಜಿ ಮಾರ್ಕೆಟಿಗಿ, ಮತ್ತ ಮನಿಗಿ. ಅರ್ಧ ವರ್ಷ ನಿಮ್ಮ ಹಳ್ಳ್ಯಾಗ ಇರ್ತೀರಿ. ನೀವು ಊಟ ತಪ್ಪಸೋ ಗಿರಾಕಿ," ಎಂದಳು.

ಇಷ್ಟು ವರ್ಷ ಚಹಾದ ಹೊತ್ತಿಗೆ ನನ್ನನ್ನು ಕೇಳಿದವರೆಲ್ಲರಿಗೂ ಉತ್ತರ ಇದೇ. ನನಗೆ ಬೇಡ, ಅವಳಿಗೆ ಬೇಕು. ನಿಮಗೆ ಬೇಕೋ ಬೇಡವೋ ಎಂಬುದು ನಿಮ್ಮ ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ.

ಫೋನ್ ಇಡುವಷ್ಟರಲ್ಲಿ ಮಲ್ಲಮ್ಮನ ದನಿ ಬದಲಾಯಿತು. "ಅಣ್ಣಾರ, ಒಂದು ಕೇಳ್ತೀನಿ. ಆ ಹುಡುಗಿ ಬಾಗಲಾ ಬಡಿಯೂದು ಹೇಳಿದಳು, ಛಲೋ ಆತು. ಏನು ಬಡಸಂಗಿಲ್ಲ ಅಂಬೋದು ಹೇಳಿದಳೇನ್ರಿ? ಬ್ರೇಕಿಂದು?"

ನಾನು ನೆನಪು ಮಾಡಿಕೊಂಡು ನೋಡಿದೆ. ಹೇಳಿರಲಿಲ್ಲ.

"ಫೋನ್ ಆಕಿ ಕೈಯಾಗ ಕೊಡ್ರಿ," ಎಂದಳು ಮಲ್ಲಮ್ಮ.

ಕೊಟ್ಟೆ. ಹುಡುಗಿ ಏನೂ ತಿಳಿಯದೆ ನನ್ನ ಮುಖ ನೋಡುತ್ತ ಫೋನನ್ನು ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಮಲ್ಲಮ್ಮನ ಮರಾಠಿ ಮೇಜಿನ ಈಚೆ ಕೂತಿದ್ದ ನಮಗೂ ಕೇಳುವಷ್ಟು ಜೋರಾಗಿತ್ತು, ಈಗ ಅದು ಹರಕು ಮುರುಕಾಗಿ ಇರಲಿಲ್ಲ. ಹುಡುಗಿ ಕುರ್ಚಿ ಮುಂದಕ್ಕೆ ಎಳೆದುಕೊಂಡು ನೆಟ್ಟಗೆ ಕೂತಳು. "ಹೋ ಮಾವಶೀ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, "ಹೋ ಮಾವಶೀ, ಸಾಂಗತೇ ಮೀ ತ್ಯಾಂನಾ," ಎಂದಳು. ಆಯಿತು ಚಿಕ್ಕಮ್ಮ, ಅವರಿಗೆ ಹೇಳುತ್ತೇನೆ. ಆಮೇಲೆ ಫೋನನ್ನು ನನಗೆ ಮರಳಿಸಿ, ಮೊದಲಿನಿಂದ ಶುರು ಮಾಡಿದಳು.